ಶಂಕರಣ್ಣನ ಮನೆಯವರು

ಸೆಪ್ಟೆಂಬರ್ 30 ಹತ್ತಿರ ಬಂತು ಅಂದರೆ ನನ್ನಂಥ ಬಿಡಿ ಬರಹಗಾರರಿಗೆ ಸುಗ್ಗಿ. ಶಂಕರ್‌ನಾಗ್ ಬಗ್ಗೆ ಒಂದು ಲೇಖನ ಬೇಕು ಅಂತ ನಾಲ್ಕು ಕಡೆಯಿಂದ ಫೋನು ಬರುತ್ತೆ. ಬರೆಯೋದೂ ಕಷ್ಟವಲ್ಲ. ಮೂವತ್ತಾರು ತುಂಬುವ ಮೊದಲೇ ಹೋದ ಮನುಷ್ಯ ಹನ್ನೆರಡು ವರ್ಷದಲ್ಲಿ ಮಾಡಿಟ್ಟ ಕೆಲಸದ ಪಟ್ಟಿ ಹಾಕಿದರೇ ಎರಡು ಪುಟ ತುಂಬಿಹೋಗುತ್ತೆ. 1978ರ 'ಒಂದಾನೊಂದು ಕಾಲದಲ್ಲಿ', ಅದಕ್ಕೆ ದಿಲ್ಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ, 1980ರ 'ಮಿಂಚಿನ ಓಟ', ಅದೇ ವರ್ಷದ 'ಆಟೋ ರಾಜ', ಆಮೇಲೆ 'ಗೀತಾ', 'ಆಕ್ಸಿಡೆಂಟ್', ಅಣ್ಣಾವ್ರಿಗೆ 'ಒಂದು ಮುತ್ತಿನ ಕಥೆ', ಆಗುಂಬೆಯಲ್ಲಿ ಮಾಲ್ಗುಡಿ, ಸಂಕೇತ್ ಸ್ಟುಡಿಯೋ, ನಂದಿಬೆಟ್ಟಕ್ಕೆ ರೋಪ್‌ವೇ, ಬೆಂಗಳೂರಿಗೆ ಮೆಟ್ರೋ ಅಂತ ಕನಸು... ಕೊನೆಗೆ "ಇವತ್ತು ಇದ್ದಿದ್ದರೆ" ಅಂತ ಬರೆದು ಮೂರು ಚುಕ್ಕಿ ಇಟ್ಟರೆ ಮುಗೀತು!

ಆ ಪಟ್ಟಿ ನಿಮಗೆ ಬಾಯಿಪಾಠ, ಗೆಳೆಯರೇ. ನನಗಿಂತ ಚೆನ್ನಾಗಿ ಬರುತ್ತೆ. ಈ ಸಲ ಅದನ್ನು ನಾನು ಓದೋಲ್ಲ.

ಕಾರಣ ನಮ್ಮವ್ವ. ಮೂರು ವರ್ಷದ ಹಿಂದೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪತ್ರಿಕೆ ಕೊಂಡು ಹೋಗಿದ್ದೆ. ಅದರಲ್ಲಿ ಶಂಕರ್ ಬಗ್ಗೆ ಯಾರೋ ಹಿರಿಯರು ಬರೆದ ಲೇಖನ ಇತ್ತು. ಅವ್ವ ಸೀರೆಗೆ ಫಾಲ್ಸ್ ಹಚ್ಚುತ್ತಾ ಕೂತಿದ್ದಳು, ನಾನು ಗಟ್ಟಿಯಾಗಿ ಓದುತ್ತಿದ್ದೆ. ಪೂರ್ತಿ ಕೇಳಿದಳು. ದಾರ ಹಲ್ಲಲ್ಲಿ ಕಚ್ಚಿ ಹರಿದು, "ಎಲ್ಲಾ ಬರ್ದಾರೆ. ಮನೆಯವರು ಎಲ್ಲಿ?" ಅಂದಳು.

"ಯಾರ ಮನೆಯವರು?"

"ಆ ಹೆಣ್ಮಗಳು. ಆ ಕೂಸು. ಮನೆಯವರು ಅಂದ್ರೆ ಇನ್ಯಾರೋ?"

ಅವ್ವ ಹಾಗೆ ಕೇಳಿದ್ದಕ್ಕೆ ಕಾರಣ ನನ್ನಪ್ಪ. ಅವನ ಬಗ್ಗೆ ಹೇಳದೆ ಶಂಕರ್ ಬಗ್ಗೆ ಹೇಳೋಕೆ ನನಗೆ ಬರೋದಿಲ್ಲ.

ನಮ್ಮದು ದಾವಣಗೆರೆ. ತಾತ ಹತ್ತಿ ಗಿರಣಿಯಲ್ಲಿ ಕೆಲಸಕ್ಕಿದ್ದವರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರು ತಂದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಕಾರ್ಮಿಕರ ಮಕ್ಕಳೆಲ್ಲ ಸಿಕ್ಕ ಸಿಕ್ಕ ಕಸುಬಿಗೆ ಬಿದ್ದರು. ಅಪ್ಪ ಆಟೋ ಹತ್ತಿದ. ಮೊದಲು ಬಾಡಿಗೆ ಆಟೋ, ಆಮೇಲೆ ಸ್ವಂತದ್ದು. ಸ್ವಂತ ಆಟೋ ಬಂದ ದಿನ ಮಾಡಿದ ಮೊದಲ ಕೆಲಸ ಅಂದರೆ ಹಿಂದುಗಡೆ ಶಂಕರ್‌ನಾಗ್ ಚಿತ್ರ ಬರೆಸಿದ್ದು. ಈಗಿನ ಹಾಗೆ ಸ್ಟಿಕ್ಕರ್ ಅಲ್ಲ, ಪೇಂಟರ್ ಕೈಯಲ್ಲಿ ಬರೆಸಿದ್ದು. ಖಾಕಿ ಅಂಗಿ, ಗಡ್ಡ, ಮೀಸೆ ಎಲ್ಲ ಸರಿಯಾಗಿ ಬಂದಿತ್ತು. ಮೂಗು ಮಾತ್ರ ಎಲ್ಲೋ ಎಡವಟ್ಟಾಗಿ, ತಮ್ಮನನ್ನು ಬರೆಯೋಕೆ ಹೋದ ಪೇಂಟರ್ ಅಣ್ಣನನ್ನು ಬರೆದಿಟ್ಟಿದ್ದ! ಹತ್ತಿದವರೆಲ್ಲ "ಅನಂತ್‌ನಾಗ್ ಅಭಿಮಾನಿ ಏನಪ್ಪಾ?" ಅಂತ ಕೇಳೋರು. ಅಪ್ಪನಿಗೆ ಸಿಟ್ಟು ಬರ್ತಿತ್ತು. ಆದರೂ ಅಳಿಸಲಿಲ್ಲ. "ಅಣ್ಣ ಆದ್ರೇನು, ತಮ್ಮ ಆದ್ರೇನು, ಒಂದೇ ಮನಿ" ಅನ್ನೋನು.

ಒಂದು ಮಾತು ಗಮನಿಸಿ. 'ಆಟೋ ರಾಜ' ತೆರೆಗೆ ಬಂದಾಗ ಅಪ್ಪನಿಗೆ ಹತ್ತು ವರ್ಷ. ವಿಜಯ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ನಮ್ಮ ನಾಡಿನ ಆಟೋ ಸ್ಟ್ಯಾಂಡುಗಳಿಗೆಲ್ಲ ಶಂಕರ್‌ನಾಗ್ ಹೆಸರು ಬರೋಕೆ ಅದೊಂದು ಚಿತ್ರ ಸಾಕಾಯಿತು. ಯಾಕಿರಬಹುದು? ಆ ಪಾತ್ರ ದೊಡ್ಡ ಸಾಹಸ ಮಾಡಿತು ಅಂತ ಅಲ್ಲ. ಖಾಕಿ ಅಂಗಿ ಹಾಕಿದವನೂ ಹೀರೋ ಆಗಬಹುದು, ಅವನಿಗೂ ಒಂದು ಪ್ರೀತಿ, ಒಂದು ಹಾಡು ಇರಬಹುದು ಅಂತ ತೋರಿಸಿದ್ದಕ್ಕೆ. ಗಿರಣಿ ಬಾಗಿಲು ಹಾಕಿದ ಊರಲ್ಲಿ ಬೆಳೆದ ಹುಡುಗನಿಗೆ ಅದು ಸಣ್ಣ ಮಾತಲ್ಲ.

ಅಪ್ಪನ ಇನ್ನೊಂದು ಕಥೆ ಹೇಳಬೇಕು. ಅವನು ಜೀವಮಾನದಲ್ಲಿ ಒಂದು ಸಿನಿಮಾವನ್ನೂ ಮೊದಲಿಂದ ನೋಡಿದವನಲ್ಲ! ತಿಂಗಳಿಗೊಂದು ಸಿನಿಮಾ ಕಡ್ಡಾಯ. ಅವ್ವನನ್ನೂ ನನ್ನನ್ನೂ ಟಾಕೀಸಿನ ಬಾಗಿಲಲ್ಲಿ ಇಳಿಸಿ, ಟಿಕೆಟ್ ದುಡ್ಡು ಕೊಟ್ಟು, "ಒಂದೇ ಬಾಡಿಗೆ, ಬಂದುಬಿಟ್ಟೆ" ಅಂತ ಹೋಗೋನು. ನಾವು ಒಳಗೆ ಹೋಗಿ ಕೂರೋದು. ಅವ್ವ ಪಕ್ಕದ ಸೀಟಿನ ಮೇಲೆ ಚೀಲ ಇಡೋಳು. ಯಾರಾದರೂ ಬಂದರೆ "ಬರ್ತಾರೆ, ಬರ್ತಾರೆ" ಅನ್ನೋಳು. ಹೆಸರು ಬಿದ್ದು, ಮೊದಲ ಫೈಟ್ ಮುಗಿದು, ಮೊದಲ ಹಾಡು ಶುರುವಾಗೋ ಹೊತ್ತಿಗೆ ಕತ್ತಲಲ್ಲಿ ಖಾಕಿ ಅಂಗಿಯ ಬೆವರಿನ ವಾಸನೆ ಬರೋದು. ಚೀಲ ಎತ್ತಿ ಕೂತು, "ಏನಾಯ್ತು?" ಅಂತ ಪಿಸುಗುಟ್ಟೋನು. ಅವ್ವ ಅವನ ಕಿವಿಯಲ್ಲಿ ಅಷ್ಟೂ ಕಥೆ ಹೇಳೋಳು. ಹಿಂದಿನ ಸಾಲಿನವರು "ಶ್..." ಅನ್ನೋರು. ಅವರಿಬ್ಬರೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗೋರು.

ಗಂಡ-ಹೆಂಡತಿ ಪ್ರೀತಿ ಅಂದರೇನು ಅಂತ ನನ್ನನ್ನು ಕೇಳಿದರೆ ನಾನು ಯಾವ ಡ್ಯುಯೆಟ್ಟನ್ನೂ ಹೇಳೋಲ್ಲ. ಆ ಚೀಲ ಇಟ್ಟ ಸೀಟು ಅಂತೀನಿ.

* * *

1990ರ ಸೆಪ್ಟೆಂಬರ್ 30 ಭಾನುವಾರ. ಅಪ್ಪನಿಗೆ ಇಪ್ಪತ್ತು ವರ್ಷ, ಮದುವೆ ಇನ್ನೂ ಆಗಿಲ್ಲ. ಬೆಳಿಗ್ಗೆ ಸ್ಟ್ಯಾಂಡಿಗೆ ಸುದ್ದಿ ಬಂತು. 'ಜೋಕುಮಾರಸ್ವಾಮಿ' ಶೂಟಿಂಗಿಗೆ ಅಂತ ಲೋಕಾಪುರದ ಕಡೆ ಹೊರಟಿದ್ದ ಶಂಕರ್ ಕಾರು ಆನಗೋಡಿನ ಹತ್ತಿರ ಅಪಘಾತಕ್ಕೆ ಸಿಕ್ಕಿದೆ. ಶಂಕರ್ ಇಲ್ಲ.

ಆನಗೋಡು ನಮ್ಮೂರಿಂದ ಚಿತ್ರದುರ್ಗದ ಕಡೆಗೆ ಹದಿನೈದು ಕಿಲೋಮೀಟರ್ ಆಸುಪಾಸು. ಅಪ್ಪ ಮತ್ತು ನಾಲ್ವರು ಸ್ನೇಹಿತರು ಒಂದೇ ಆಟೋದಲ್ಲಿ ತುಂಬಿಕೊಂಡು ಹೋದರಂತೆ. ಹೋಗೋ ಹೊತ್ತಿಗೆ ಅಲ್ಲಿ ಉಳಿದಿದ್ದು ಜನ ಮತ್ತು ಗಾಜಿನ ಚೂರು, ಅಷ್ಟೆ. ಅವತ್ತು ಸ್ಟ್ಯಾಂಡಿನಲ್ಲಿ ಯಾರೂ ಬಾಡಿಗೆ ಹತ್ತಿಸಿಕೊಳ್ಳಲಿಲ್ಲ. ಅಪ್ಪ ನನಗೆ ಇದನ್ನು ಹೇಳಿದವನಲ್ಲ. ಮದುವೆಯಾದ ಹೊಸದರಲ್ಲಿ ಅವ್ವನಿಗೆ ಹೇಳಿದ್ದ. ಅವ್ವ ಆಗಲೇ ಕೇಳಿದಳಂತೆ: "ಮತ್ತೆ ಅವರ ಮನೆಯವರು?"

ಕಾರಿನಲ್ಲಿ ಹೆಂಡತಿ ಅರುಂಧತಿ ಇದ್ದರು, ಪುಟ್ಟ ಮಗಳಿದ್ದಳು. ಇಬ್ಬರೂ ಉಳಿದರು. ಅರುಂಧತಿಯವರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಆಗ ಅವರ ವಯಸ್ಸು ಮೂವತ್ತನಾಲ್ಕು.

ಅಭಿಮಾನಿಗಳಾದ ನಾವು "ಶಂಕರ್ ಹೋದ" ಅಂತ ಅತ್ತೆವು. ಅವತ್ತು ಹೋದದ್ದು ಒಬ್ಬ ನಟ, ಒಬ್ಬ ನಿರ್ದೇಶಕ, ಒಬ್ಬ ಕನಸುಗಾರ, ಸರಿ. ಒಬ್ಬ ಗಂಡ, ಒಬ್ಬ ಅಪ್ಪ ಕೂಡ ಹೋದ ಅನ್ನೋದು ಪಟ್ಟಿಯಲ್ಲಿ ಎಲ್ಲೋ ಕೊನೆಗೆ ಬರುತ್ತೆ.

ಅವರಿಬ್ಬರ ಜೋಡಿ ಬಗ್ಗೆ ಗೊತ್ತಿರೋದಿಷ್ಟು. ಉತ್ತರ ಕನ್ನಡದ ಹುಡುಗ ಮುಂಬೈಗೆ ಹೋಗಿ ಮರಾಠಿ ರಂಗಭೂಮಿ ಹತ್ತಿದ. ಅಲ್ಲಿ ನಾಟಕದ ನಂಟಿನಲ್ಲೇ ಅರುಂಧತಿ ರಾವ್ ಸಿಕ್ಕರು. ಮರಾಠಿ, ಗುಜರಾತಿ, ಹಿಂದಿ ನಾಟಕ ಆಡುತ್ತಿದ್ದ ಹುಡುಗಿ. ವರ್ಷಗಟ್ಟಲೆ ಸ್ನೇಹ, 1980ರಲ್ಲಿ ಮದುವೆ, ಆಮೇಲೆ ಬೆಂಗಳೂರು. ಊರು ಹೊಸದು, ರಂಗಭೂಮಿ ಹೊಸದು. ಆಕೆ ಕನ್ನಡ ನಾಟಕಕ್ಕೂ ಇಳಿದರು. ಇಬ್ಬರೂ ಸೇರಿ 'ಸಂಕೇತ್' ತಂಡ ಕಟ್ಟಿದರು. ಹಗಲು ಗಾಂಧಿನಗರದ ಶೂಟಿಂಗ್, ಸಂಜೆ ನಾಟಕದ ತಾಲೀಮು. ಶಂಕರ್ ಕಾರಿನಲ್ಲೇ ನಿದ್ದೆ ಮುಗಿಸುತ್ತಿದ್ದರು ಅಂತ ಅವರ ಜೊತೆ ಕೆಲಸ ಮಾಡಿದವರೆಲ್ಲ ಹೇಳ್ತಾರೆ. ಅಂಥ ಮನುಷ್ಯನ ಹೆಂಡತಿಯಾಗಿ ಬಾಳೋದು ಹುಡುಗಾಟವೇ? ಗಂಡನ ಜೊತೆ ಕೂತು ಉಂಡದ್ದಕ್ಕಿಂತ ತಾಲೀಮು ಮಾಡಿದ್ದೇ ಹೆಚ್ಚಿರಬೇಕು ಅಂತ ನನ್ನ ಅಂದಾಜು. ಹಾಗೆ ನೋಡಿದರೆ ಅದೂ ಒಂದು ಥರ ಚೀಲ ಇಟ್ಟ ಸೀಟೇ.

'ಆಕ್ಸಿಡೆಂಟ್' ಚಿತ್ರ ನೋಡಿದ್ದೀರಲ್ಲ? ಮತ್ತಿನಲ್ಲಿ ಕಾರು ಓಡಿಸಿದ ದೊಡ್ಡವರ ಮಕ್ಕಳು ಫುಟ್‌ಪಾತಿನಲ್ಲಿ ಮಲಗಿದ ಬಡವರ ಮೇಲೆ ಹರಿಸಿಬಿಡುವ ಕಥೆ. ರಾಷ್ಟ್ರ ಪ್ರಶಸ್ತಿ ಬಂದ ಚಿತ್ರ. ಅದರಲ್ಲಿ ಗಂಡ-ಹೆಂಡತಿ ಇಬ್ಬರೂ ಇದ್ದಾರೆ. ಇವತ್ತಿಗೂ ಆ ಹೆಸರಿನ ಪೋಸ್ಟರ್ ಕಂಡರೆ ನನಗೆ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತೆ. 1981ರ 'ಗೀತಾ'ದ ಕಥೆಯೂ ಹಾಗೇ. ಅಲ್ಲಿ ಹುಡುಗಿ ಸಾಯ್ತಾಳೆ, ಹುಡುಗ ಉಳೀತಾನೆ. ಇಳಯರಾಜಾ ಟ್ಯೂನಿಗೆ ನಮ್ಮ ಅಪ್ಪಂದಿರ ಕಾಲದ ಹುಡುಗರೆಲ್ಲ ಆ ಉಳಿದ ಹುಡುಗನ ಪರವಾಗಿ ಅತ್ತರು. ನಿಜ ಜೀವನದಲ್ಲಿ ಉಲ್ಟಾ ಆಯ್ತು. ಉಳಿದವರು ಹಾಡಲಿಲ್ಲ, ಕೆಲಸ ಮಾಡಿದರು.

ಅಪ್ಪನಾಗಿ ಶಂಕರ್ ಹೇಗಿದ್ದರು? ಅದು ಆ ಮನೆಯ ವಿಷಯ, ನಾನು ಇಣುಕೋಲ್ಲ. ಆದರೆ ಮಕ್ಕಳನ್ನು ಆತ ಹೇಗೆ ನೋಡುತ್ತಿದ್ದರು ಅನ್ನೋದಕ್ಕೆ 'ಮಾಲ್ಗುಡಿ ಡೇಸ್' ಇದೆ. ಆರ್.ಕೆ. ನಾರಾಯಣ್ ಕಥೆ, ಸ್ವಾಮಿ ಪಾತ್ರಕ್ಕೆ ಮಾಸ್ಟರ್ ಮಂಜುನಾಥ್, ಅಪ್ಪನ ಪಾತ್ರಕ್ಕೆ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಒಂದು ಕಂತಿನಲ್ಲಿ, ಧೈರ್ಯ ಇದ್ದರೆ ಒಬ್ಬನೇ ಮಲಗು ಅಂತ ಅಪ್ಪ ಸವಾಲು ಹಾಕ್ತಾನೆ. ಹುಡುಗ ಕತ್ತಲಲ್ಲಿ ನಡುಗುತ್ತಾ ಮಲಗ್ತಾನೆ. ಭೂತ ಬಂತು ಅಂತ ಹೆದರಿ ಕಚ್ಚಿ ಹಿಡಿದದ್ದು ಕಳ್ಳನ ಕಾಲನ್ನು! ಬೆಳಗಾದರೆ ಊರಿಗೆಲ್ಲ ಹೀರೋ. ಅಷ್ಟಾದರೂ ಅವನಿಗೆ ಬೇಕಾದ್ದು ಮತ್ತೆ ಅಮ್ಮ, ಅಜ್ಜಿಯ ಪಕ್ಕದ ಜಾಗವೇ. ಆ ಕಂತನ್ನು ಹತ್ತು ಸಲ ನೋಡಿದ್ದೇನೆ. ಅಲ್ಲಿ ಕ್ಯಾಮೆರಾ ಹುಡುಗನನ್ನು ನೋಡಿ ನಗೋದಿಲ್ಲ, ಅವನ ಜೊತೆ ಹೆದರುತ್ತೆ. ಮಗುವಿನ ಭಯವನ್ನು ಸಣ್ಣದು ಅಂದುಕೊಂಡವನು ಹಾಗೆ ತೆಗೆಯೋಕಾಗಲ್ಲ.

ನನ್ನಪ್ಪ ಕಾರ್ನಾಡರ ಥರ ಅಲ್ಲ. ಸವಾಲು ಗಿವಾಲು ಏನಿಲ್ಲ. ಡ್ರೈವರ್ ಸೀಟಿನಲ್ಲೇ ತನ್ನ ಪಕ್ಕ ಒತ್ತಿ ಕೂರಿಸಿಕೊಂಡು, ರಬ್ಬರ್ ಹಾರ್ನ್ ನನ್ನ ಕೈಗೆ ಕೊಡೋನು. ನಮ್ಮ ಬೀದಿಗೆ ತಿರುಗೋವಾಗ ನಾನು ಎರಡು ಸಲ ಒತ್ತಬೇಕು. ಅವ್ವ ಒಲೆ ಮೇಲೆ ಹೆಂಚು ಇಡಬೇಕು. ಅದು ಅವರ ಒಪ್ಪಂದ.

* * *

2005. 'ಜೋಗಿ' ಬಂದಿತ್ತು. ನನಗೆ ಎಂಟು ವರ್ಷ. ಟಾಕೀಸಿನ ಮುಂದೆ ಜಾತ್ರೆ. ಎಂದಿನ ಹಾಗೆ ನಾನು, ಅವ್ವ, ಚೀಲ. ಎಂದಿನ ಹಾಗೆ ಅಪ್ಪ ತಡವಾಗಿ ಬಂದ. ಪರದೆ ಮೇಲೆ ಮಗನನ್ನು ಹುಡುಕಿಕೊಂಡು ಬೆಂಗಳೂರಿಗೆ ಬಂದ ತಾಯಿ. ಅವ್ವ ಕಥೆ ಹೇಳೋಕೆ ಶುರುಮಾಡಿ, "ಯಾರ್ರೀ ಈಯಮ್ಮ? ಎಷ್ಟು ಚಂದ ಮಾಡ್ಯಾಳೆ" ಅಂದಳು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ಪರದೆ ನೋಡಿದ. ಆಮೇಲೆ, "ಶಂಕರಣ್ಣನ ಮನೆಯವರು" ಅಂದ.

ಹೇಳಿ, ಬಿಚ್ಚಿಕೊಂಡಿದ್ದ ಖಾಕಿ ಅಂಗಿಯ ಗುಂಡಿಗಳನ್ನು ಮೇಲಿನವರೆಗೂ ಹಾಕಿಕೊಂಡ. ಮನೆಗೆ ಅತ್ತಿಗೆ ಬಂದರೆ ಹಾಕಿಕೊಳ್ಳೋ ಹಾಗೆ. ಸಿನಿಮಾ ಮುಗಿಯೋವರೆಗೂ ಕಾಲ ಮೇಲೆ ಕಾಲು ಹಾಕಲಿಲ್ಲ. ಕೊನೆಯಲ್ಲಿ ತಾಯಿಯ ಹೆಣದ ಮುಂದೆ ಮಗ ಗೊತ್ತಿಲ್ಲದೆ ಕುಣಿಯುವ ಸೀನಿನಲ್ಲಿ ಟಾಕೀಸಿಗೆ ಟಾಕೀಸೇ ಗೊಳೋ ಅಂತು. ಅಪ್ಪ ಮಾತ್ರ ಎದ್ದು ಹೊರಗೆ ಹೋಗಿ ಆಟೋದಲ್ಲಿ ಕೂತಿದ್ದ.

ಅಪ್ಪನ ಪಾಲಿಗೆ ಶಂಕರ್ ಮನೆತನ ಅಂದರೆ ನೆಂಟರು. ಅವರಿಗೆ ಇವನ ಹೆಸರೂ ಗೊತ್ತಿಲ್ಲ, ಪಾಪ! ಆದರೂ ಇವನು ಮೈದುನ.

ಅಪ್ಪ ಹೋದದ್ದು 2014ರ ಡಿಸೆಂಬರ್. ರಾತ್ರಿ ಬಾಡಿಗೆ ಮುಗಿಸಿ ಬಂದು, ಉಂಡು, ಎದೆ ಉರಿ ಅಂತ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ನಲವತ್ತನಾಲ್ಕು ವರ್ಷ. ಅವ್ವನಿಗೆ ಮೂವತ್ತಾರು. ನಾನು ಎರಡನೇ ಪಿಯುಸಿ. ಆಟೋ ಮೇಲೆ ಫೈನಾನ್ಸ್ ಸಾಲದ ಹದಿನಾಲ್ಕು ಕಂತು ಬಾಕಿ.

ಕಾಲೇಜು ಅಲ್ಲಿಗೆ ನಿಂತಿತು. ನಾನು ಒಂದು ಫ್ಲೆಕ್ಸ್ ಅಂಗಡಿಗೆ ಸೇರಿದೆ. ಬರವಣಿಗೆ ಕಲಿತದ್ದು ಅಲ್ಲೇ. ನಗಬೇಡಿ. ಒಂದು ಕಡೆ ಹೀರೋಗಳ ಹುಟ್ಟುಹಬ್ಬದ ಫ್ಲೆಕ್ಸು, ಇನ್ನೊಂದು ಕಡೆ ಶ್ರದ್ಧಾಂಜಲಿ ಫ್ಲೆಕ್ಸು. ಎರಡಕ್ಕೂ ಮ್ಯಾಟರ್ ಬರೆಯೋನು ನಾನೇ. "ಮತ್ತೆ ಹುಟ್ಟಿ ಬಾ ಅಣ್ಣಾ", "ನಿನ್ನ ದಾರಿ ಕಾಯುತ್ತಿರುವ ಕುಟುಂಬ ವರ್ಗ" ಅಂತೆಲ್ಲ ಎಷ್ಟು ಬರೆದಿದ್ದೀನೋ ಲೆಕ್ಕವಿಲ್ಲ. ಹನ್ನೊಂದನೇ ದಿನದ ತಿಥಿ ಮುಗಿದರೆ ಆ ಫ್ಲೆಕ್ಸು ಯಾವುದೋ ಹಟ್ಟಿಯ ಮೇಲೆ ಮಳೆಗೆ ಹೊದಿಕೆ. ಅವ್ವ ಅಪ್ಪನಿಗೆ ಫ್ಲೆಕ್ಸ್ ಹಾಕಿಸೋಕೆ ಬಿಡಲಿಲ್ಲ. "ಆ ದುಡ್ಡಾಗ ಅರ್ಧ ಕಂತು ಹೋಗ್ತದ" ಅಂದಳು.

ಆಟೋವನ್ನು ಇನ್ನೊಬ್ಬನಿಗೆ ದಿನದ ಬಾಡಿಗೆಗೆ ಕೊಟ್ಟಳು. ಹಗಲು ಫಾಲ್ಸ್, ಜಿಗ್‌ಜಾಗ್, ಬ್ಲೌಸಿಗೆ ಹುಕ್ಸ್. ಸಂಜೆ ಆಟೋದವನ ಹತ್ತಿರ ದುಡ್ಡು ಎಣಿಸಿ ತಗೊಂಡು, ಬಿಳಿ ಹಾಳೆಯಲ್ಲಿ ತಾರೀಖು ಬರೆದು ಇಡೋಳು. ಹದಿನಾಲ್ಕು ಕಂತೂ ತೀರಿಸಿದಳು. ಆಮೇಲೆ ಆಟೋ ಮಾರಿದಳು. ಹಾರ್ನ್ ಮಾತ್ರ ಬಿಚ್ಚಿಸಿಕೊಂಡಳು. ಈಗಲೂ ಆಯುಧಪೂಜೆ ದಿನ ಹೊಲಿಗೆ ಮೆಷೀನ್ ಪಕ್ಕ ಆ ರಬ್ಬರ್ ಹಾರ್ನಿಗೂ ಕುಂಕುಮ, ಒಂದು ಸೇವಂತಿಗೆ. ಅಳು ಗಿಳು ಏನೂ ಇಲ್ಲ. ನಾನು ಬೆಂಗಳೂರಿಗೆ ಬಂದು, ಈ ಪತ್ರಿಕೆಗಳ ಬಾಗಿಲು ತಟ್ಟಿ, ಬಿಡಿ ಬರಹಗಾರ ಅನ್ನಿಸಿಕೊಂಡದ್ದೆಲ್ಲ ಆಮೇಲಿನ ಮಾತು. ಅದರಲ್ಲಿ ಹೇಳುವಂಥದ್ದೇನಿಲ್ಲ.

2021ರ ಅಕ್ಟೋಬರ್ 29ರಂದು ಅಪ್ಪು ಹೋದಾಗ ನಾನು ಊರಲ್ಲಿದ್ದೆ. ನಲವತ್ತಾರು ವರ್ಷ. ನಿಮಗೆ ಆ ದಿನ ಹೇಗಿತ್ತು ಅಂತ ನಾನು ಹೇಳಬೇಕಾಗಿಲ್ಲ. ಕಂಠೀರವ ಸ್ಟೇಡಿಯಮ್ಮಿನ ಸಾಲು ಟೀವಿಯಲ್ಲಿ ಮುಗಿಯುತ್ತಲೇ ಇರಲಿಲ್ಲ. ನನಗೂ ಅಳು ತಡೆಯೋಕಾಗಲಿಲ್ಲ. ಕ್ಯಾಮೆರಾ ಮನೆಯವರ ಮುಖದ ಹತ್ತಿರಕ್ಕೆ ಹೋಯಿತು. ಅವ್ವ ಎದ್ದು ಬಂದು ಟೀವಿ ಆರಿಸಿದಳು. "ಅಷ್ಟು ಹತ್ರ ಹೋಗಬಾರ್ದು" ಅಂದಳು. ಮರುವರ್ಷ ಅಕ್ಟೋಬರ್ 28ಕ್ಕೆ ಅಶ್ವಿನಿಯವರು 'ಗಂಧದ ಗುಡಿ'ಯನ್ನು ತೆರೆಗೆ ತಂದಾಗ ಮಾತ್ರ ತಾನೇ ಹೇಳಿ ಕರೆದುಕೊಂಡು ಹೋಗು ಅಂದಳು.

* * *

ಮತ್ತೆ ಅರುಂಧತಿಯವರ ಕಥೆಗೆ ಬರೋಣ. ಗಂಡನ ಹೆಸರಿನಲ್ಲಿ ಒಂದು ಪ್ರತಿಮೆ ನಿಲ್ಲಿಸಬಹುದಿತ್ತು. ಅಭಿಮಾನಿಗಳ ನಾಡು ಇದು, ಹೂವಿನ ಹಾರಕ್ಕೆ ಕೊರತೆ ಇರ್ತಿರಲಿಲ್ಲ. ಆಕೆ ನಾಟಕ ಶಾಲೆಗೆ ಕೈ ಹಾಕಿದರು. ಸಂಕೇತ್ ಹೆಸರಲ್ಲೇ ಒಂದು ಟ್ರಸ್ಟು, ಸರ್ಕಾರದಿಂದ ಜಾಗ, ಆಮೇಲೆ ದುಡ್ಡಿಗಾಗಿ ಅಲೆದಾಟ. ಅಪಘಾತವಾಗಿ ಹದಿನಾಲ್ಕು ವರ್ಷಕ್ಕೆ, 2004ರಲ್ಲಿ, ಬೆಂಗಳೂರಿನ ಜೆ.ಪಿ. ನಗರದಲ್ಲಿ 'ರಂಗಶಂಕರ' ಬಾಗಿಲು ತೆರೆಯಿತು. ಹದಿನಾಲ್ಕು ವರ್ಷ! ನಮ್ಮವ್ವನ ಹದಿನಾಲ್ಕು ಕಂತಿನ ಹಾಗೆ ಅಂತ ನನಗೆ ಅನ್ನಿಸುತ್ತೆ. ಇಷ್ಟರ ಮಧ್ಯೆ ಮಗಳನ್ನು ಬೆಳೆಸಿದರು, ತಾವೂ ನಟಿಸಿದರು. ಹಿಂದಿಯ 'ಪಾ' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು, 2010ರಲ್ಲಿ ಪದ್ಮಶ್ರೀ ಬಂತು.

ಅವ್ವನಿಗೆ ಅದನ್ನು ತೋರಿಸಬೇಕು ಅಂತ 2023ರಲ್ಲಿ ಬೆಂಗಳೂರಿಗೆ ಕರೆಸಿದೆ. ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ ಮೆಟ್ರೋ. ಶಂಕರ್ ಕನಸು ಕಂಡಿದ್ದು ಇದನ್ನೇ ಅಂತ ಹೇಳಿದೆ. "ಹೌದಾ?" ಅಂತ ಕಂಬಿಯನ್ನು ಒಂದು ಸಲ ಸವರಿದಳು. ಬನಶಂಕರಿಯಲ್ಲಿ ಆಟೋ. ಹಿಂದೆ ಶಂಕರ್‌ನಾಗ್ ಸ್ಟಿಕ್ಕರ್! ಮೂಗೂ ಸರಿಯಾಗಿತ್ತು. ಡ್ರೈವರ್ ಇಪ್ಪತ್ತೆರಡರ ಹುಡುಗ.

"ಇವರ ಮನೆಯವರು ಗೊತ್ತೇನಪ್ಪಾ?" ಅಂತ ಅವ್ವ ಶುರುಮಾಡಿದಳು.

"ಅನಂತ್‌ನಾಗ್ ಸಾರ್ ಇವರ ಅಣ್ಣ ಅಲ್ವಾ ಅಮ್ಮ?"

"ಅದಲ್ಲೋ. ಹೆಂಡ್ತಿ."

"ಗೊತ್ತಿಲ್ಲ ಅಮ್ಮ. ನಾನು ಹುಟ್ಟೇ ಇರಲಿಲ್ಲ."

"ನೀ ಈಗ ನಮ್ಮನ್ನ ಬಿಡಾಕೆ ಹೊಂಟಿರೋದು ಅವರ ಮನಿಗೇ ನೋಡು."

ಹುಡುಗ ಕನ್ನಡಿಯಲ್ಲಿ ನಮ್ಮನ್ನು ನೋಡಿದ. ನಂಬಿದನೋ ಇಲ್ಲವೋ. ಇಳಿಯುವಾಗ ಮೀಟರ್ ಮೇಲೆ ಇಪ್ಪತ್ತು ಕೇಳಿದ. ಅವ್ವ ಸೀದಾ ಹಿಂದಕ್ಕೆ ಹೋಗಿ ಆ ಸ್ಟಿಕ್ಕರ್ ಮೇಲೆ ಬೆರಳಿಟ್ಟು, "ಇವರ ಫೋಟೋ ಹಾಕ್ಕೊಂಡು ಮೇಲೆ ಇಪ್ಪತ್ತು ಕೇಳ್ತೀಯೇನು?" ಅಂದಳು. ಹುಡುಗ ನಾಚಿ ನಕ್ಕ. ಮೀಟರಿನಷ್ಟೇ ತಗೊಂಡ. ಆಮೇಲೆ ಅವ್ವ ತಾನಾಗಿಯೇ ಹತ್ತು ರೂಪಾಯಿ ಅವನ ಜೇಬಿಗೆ ಹಾಕಿ, "ಚಾ ಕುಡಿ" ಅಂದಳು. ಆಟೋದವನ ಹೆಂಡತಿ ಅಲ್ಲವೇ!

ಮೊದಲು ಕ್ಯಾಂಟೀನಿನಲ್ಲಿ ಸಾಬಕ್ಕಿ ವಡೆ ತಿಂದೆವು. ಅವ್ವ ಸುತ್ತ ಕಣ್ಣಾಡಿಸುತ್ತಿದ್ದಳು. ಕಾಲೇಜು ಹುಡುಗರು, ವಯಸ್ಸಾದ ದಂಪತಿಗಳು, ಜೋಳಿಗೆ ಹಾಕಿದ ಗಡ್ಡದವರು. "ದಿನಾ ಹಿಂಗೇ ಜನ ಬರ್ತಾರೇನು?" ಅಂದಳು. ಹೆಚ್ಚು ಕಮ್ಮಿ ದಿನಾ ನಾಟಕ ಇರುತ್ತೆ ಅಂದೆ. "ಹಂಗಾದ್ರೆ ದಿನಾ ಮನಿ ತುಂಬಿರ್ತದೆ" ಅಂದಳು. ಅಷ್ಟೇ ಮಾತು.

ರಂಗಶಂಕರದ ನಿಯಮ ನಿಮಗೆ ಗೊತ್ತಿರಬೇಕು. ಹೇಳಿದ ಹೊತ್ತಿಗೆ ಬಾಗಿಲು ಹಾಕುತ್ತೆ. ಹಾಕಿದರೆ ಹಾಕಿತು, ಟಿಕೆಟ್ ಇದ್ದರೂ ಇಲ್ಲ, ಎಷ್ಟು ದೊಡ್ಡವರಾದರೂ ಇಲ್ಲ. ಅದನ್ನು ಒಳಗೆ ಹೋಗೋ ಮೊದಲೇ ಅವ್ವನಿಗೆ ಹೇಳಿದ್ದೆ. ಜೋರಾಗಿ ನಕ್ಕಳು. "ನಿಮ್ಮಪ್ಪ ಆಗಿದ್ರೆ ಇಲ್ಲಿ ಒಂದು ನಾಟಕಾನೂ ನೋಡ್ತಿರ್ಲಿಲ್ಲ!"

ಅಲ್ಲಿ ಸೀಟಿಗೆ ನಂಬರ್ ಇಲ್ಲ, ಮೊದಲು ಹೋದವರು ಎಲ್ಲಿ ಬೇಕಾದರೂ ಕೂರಬಹುದು. ನಾವು ಮೂರನೇ ಸಾಲಿನಲ್ಲಿ ಕೂತೆವು. ನಾನು, ಅವ್ವ. ಅವ್ವನ ಆ ಕಡೆಯ ಸೀಟಿನ ಮೇಲೆ ಚೀಲ. ಅವಳು ಬೇಕು ಅಂತ ಇಟ್ಟದ್ದಲ್ಲ, ಕೈ ತಾನಾಗಿ ಇಟ್ಟಿತು. ನಾನು ಕಂಡೂ ಕಾಣದ ಹಾಗೆ ವೇದಿಕೆ ಕಡೆ ನೋಡ್ತಿದ್ದೆ. ಬಾಗಿಲು ಹಾಕೋಕೆ ಎರಡು ನಿಮಿಷ ಇರುವಾಗ ಒಬ್ಬ ಹುಡುಗ ಏದುಸಿರು ಬಿಡ್ತಾ ಬಂದ.

"ಯಾರಾದ್ರೂ ಬರ್ತಾರಾ ಆಂಟಿ?"

ಅವ್ವ ಒಂದು ಗಳಿಗೆ ಅವನ ಮುಖ ನೋಡಿದಳು.

"ಇಲ್ಲಪ್ಪ. ಬಾ, ಕೂತ್ಕೋ" ಅಂತ ಚೀಲ ಎತ್ತಿ ತೊಡೆ ಮೇಲೆ ಇಟ್ಟುಕೊಂಡಳು.

ನಾಟಕ ನಗೆ ನಾಟಕ. ಅವ್ವ ಚೆನ್ನಾಗಿ ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ರಾತ್ರಿ ಹನ್ನೊಂದರ ಬಸ್ಸಿಗೆ ನಾನೂ ಅವಳ ಜೊತೆ ಊರಿಗೆ ಹೊರಟೆ. ತುಮಕೂರು ದಾಟೋ ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತು. ಚಿತ್ರದುರ್ಗ ಯಾವಾಗ ಹೋಯಿತೋ ಗೊತ್ತಿಲ್ಲ. ನಸುಕಿನಲ್ಲಿ ಅವ್ವ ಮೊಣಕೈಯಿಂದ ತಿವಿದಳು.

"ಆನಗೋಡು" ಅಂದಳು.

ಹೊರಗೆ ಹೆದ್ದಾರಿಯ ದೀಪ, ನಿಂತ ಲಾರಿಗಳು, ಬಾಗಿಲು ಹಾಕಿದ ಒಂದು ಹೋಟ್ಲು.

"ಇಲ್ಲಿ ಬಂದಾಗೆಲ್ಲ ನಿಮ್ಮಪ್ಪ ಎರಡು ಸಲ ಹಾರ್ನ್ ಹೊಡೀತಿದ್ರು. ಆಟೋದಾಗ ಪ್ಯಾಸೆಂಜರ್ ಇದ್ರೂ ಸೈ. ನಿಂಗೆ ಗೊತ್ತಿತ್ತೇನು?"

ಗೊತ್ತಿರಲಿಲ್ಲ. ಬಸ್ಸು ಅದರ ಪಾಡಿಗೆ ಅದು ಹೋಗುತ್ತಿತ್ತು. ಅವ್ವ ಕಿಟಕಿ ಗಾಜು ಸರಿಸಿ ಹೊರಗೆ ನೋಡುತ್ತಾ, ಆ ರಾತ್ರಿ ನೋಡಿದ ನಾಟಕದ ಕಥೆಯನ್ನು ಮೊದಲಿಂದ ಹೇಳೋಕೆ ಶುರುಮಾಡಿದಳು.